ಯಾರ ಹಂಗೂ ಇಲ್ಲದ ಗಾಡಿ

ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಕೊಡುವವರೆಲ್ಲ ಒಂದೇ ಮಾತನ್ನು ಬೇರೆ ಬೇರೆ ಬಣ್ಣ ಕಟ್ಟಿ ಹೇಳುತ್ತಾರೆ: ನಿಮಗಿನ್ನು ಯಾರ ಹಂಗೂ ಇಲ್ಲ. ಹೋಟೆಲಿನವರ ಹಂಗಿಲ್ಲ, ಊಟದ ಹೊತ್ತಿನ ಹಂಗಿಲ್ಲ, ಬಸ್ಸು ರೈಲುಗಳ ಹಂಗಿಲ್ಲ. ಹಾಸಿಗೆ ಬೆನ್ನ ಹಿಂದೆ, ಒಲೆ ಕೈಯಳತೆಯಲ್ಲಿ, ನೀರಿನ ಟ್ಯಾಂಕು ಕಾಲಡಿಯಲ್ಲಿ, ಶೌಚಕ್ಕೂ ಒಳಗೇ ಒಂದು ಗೂಡು. ಕತ್ತಲಾದ ಕಡೆ ನಿಲ್ಲಿಸಿ, ಬೆಳಗ್ಗೆ ಪರದೆ ಸರಿಸಿದರೆ ಎದುರಿಗೆ ಸಮುದ್ರ. ಈ ಮಾತಿಗೆ ಮರುಳಾಗದವರು ಕಡಿಮೆ. ನಾನೂ ಅಷ್ಟೇನೂ ಗಟ್ಟಿ ಮನಸ್ಸಿನವನಲ್ಲ.

ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ತಂಗಿಯ ಮಗನಿಗೂ ಇದೇ ಹುಚ್ಚು ಹತ್ತಿದೆ. ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ನಾನು. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆ, ಅಲ್ಲಿಂದ ಪಶ್ಚಿಮದ ದ್ವೀಪಗಳು. "ಮಾವ, ಪ್ಲ್ಯಾನ್ ಕಳಿಸಿದೀನಿ, ನೋಡಿ ಹೇಳಿ" ಎಂದ. ಕಂಪ್ಯೂಟರ್ ಓದಿದ ಹುಡುಗ; ಪ್ಲ್ಯಾನ್ ಎಂದರೆ ಬಣ್ಣಬಣ್ಣದ ಎಕ್ಸೆಲ್ ಹಾಳೆ. ಯಾವ ದಿನ ಎಷ್ಟು ಮೈಲಿ, ಎಲ್ಲಿ ಡೀಸೆಲ್, ಎಲ್ಲಿ ಫೋಟೋ, ಎಲ್ಲ ಇತ್ತು. ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ ಮನೆಯಿಂದಲೇ. ಹಾಲು, ಬ್ರೆಡ್ಡು, ತರಕಾರಿ ಇನ್ವರ್ನೆಸ್ಸಿನ ಸೂಪರ್‌ಮಾರ್ಕೆಟ್ಟಿನಲ್ಲಿ ಒಂದೇ ಸಲಕ್ಕೆ ತುಂಬಿಕೊಳ್ಳುವುದು. 'ರಾತ್ರಿ ತಂಗುವ ಜಾಗ' ಎಂಬ ಸಾಲಿನಲ್ಲಿ ಉದ್ದಕ್ಕೂ 'ಫ್ರೀ, ಸಿಕ್ಕಲ್ಲಿ' ಎಂದಿತ್ತು. ಕೊನೆಯ ಮೊತ್ತ ನೋಡಿ ಅವನಿಗೇ ಹೆಮ್ಮೆ. ಡೀಸೆಲ್ಲು, ಫೆರ್ರಿ ಟಿಕೆಟ್ಟು ಬಿಟ್ಟರೆ ಆ ಸೀಮೆಯಲ್ಲಿ ಒಂದು ಪೌಂಡೂ ಬಿಚ್ಚದ ಹಾಗೆ ಲೆಕ್ಕ ಹಾಕಿದ್ದ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಹಾಳೆಯಲ್ಲಿ ಕಾಣದೆ ಹೋದದ್ದು ಅಲ್ಲಿನ ಜನ. ಬೆಟ್ಟ, ಕೊಲ್ಲಿ, ಜಲಪಾತ, ಕೋಟೆ, ಬಿಳಿ ಮರಳು ಎಲ್ಲಕ್ಕೂ ಒಂದೊಂದು ಸಾಲು ಮೀಸಲಿತ್ತು. ಯಾರೊಡನೆಯಾದರೂ ಮಾತಾಡಬೇಕಾಗಿ ಬರುವ ಒಂದು ಸಂದರ್ಭವೂ ಇರಲಿಲ್ಲ.

ಹಂಗು ಬೇಡವೆನ್ನುವುದು ನಮ್ಮ ಕಡೆ ದೊಡ್ಡ ಗುಣ. ಇನ್ನೊಬ್ಬರ ಮುಂದೆ ಕೈಚಾಚಬಾರದು, ಋಣದಲ್ಲಿ ಬೀಳಬಾರದು ಎಂದು ಕಲಿತೇ ಬೆಳೆದವರು ನಾವು. ಪರರ ನೆಲಕ್ಕೆ ಹೋದಾಗ ಈ ಗುಣ ಬೇರೆ ರೂಪ ತಾಳುತ್ತದೆ. ನಮ್ಮ ಜಗುಲಿಯ ಮೇಲೆ ಒಬ್ಬ ಬಂದು ಕೂತು, ತನ್ನದೇ ಬುತ್ತಿ ಬಿಚ್ಚಿ ಉಂಡು, ಕೈ ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲಿ, ಅಲ್ಲೇ ಮಲಗೆದ್ದು, ಮನೆಯವರನ್ನು ಮಾತೂ ಆಡಿಸದೆ ಹೊರಟುಹೋದರೆ ಅವನನ್ನು ಸ್ವಾಭಿಮಾನಿ ಎಂದು ಹೊಗಳುತ್ತೇವೆಯೇ? ಅವನೂ ಹೇಳಬಹುದು, ನಿಮ್ಮಿಂದ ನಾನೇನೂ ಕೇಳಲಿಲ್ಲವಲ್ಲ ಎಂದು. ತೊಂದರೆ ಇರುವುದೇ ಆ ಕೇಳದಿರುವುದರಲ್ಲಿ.

ಹಿಂದೊಮ್ಮೆ ಈ ಸೀಮೆಯನ್ನು ಬಸ್ಸು, ಫೆರ್ರಿಗಳಲ್ಲೂ ಗೆಳೆಯರ ಕಾರಿನಲ್ಲೂ ಸುತ್ತಿ ನೋಡಿದ್ದೇನೆ. ವ್ಯಾನಿನವರು ಓಡುವ ಮುಖ್ಯ ಸುತ್ತಿನ ಹೆಸರು ನಾರ್ತ್ ಕೋಸ್ಟ್ 500. ಇನ್ವರ್ನೆಸ್ ಕೋಟೆಯಿಂದ ಹೊರಟು, ಪಶ್ಚಿಮದ ಕೊಲ್ಲಿಗಳನ್ನು ಬಳಸಿ, ಉತ್ತರದ ಅಂಚನ್ನು ಮುಟ್ಟಿ, ಪೂರ್ವದ ದಡದಿಂದ ಮತ್ತೆ ಇನ್ವರ್ನೆಸ್ಸಿಗೇ ಬರುವ 516 ಮೈಲಿಯ, ಅಂದರೆ ಸುಮಾರು 830 ಕಿಲೋಮೀಟರಿನ ಹಾದಿ. ರಸ್ತೆಗಳೆಲ್ಲ ಹಳೆಯವೇ. ಅವನ್ನು ಒಂದಕ್ಕೊಂದು ಹೊಲಿದು ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟದ್ದು 2015ರಲ್ಲಿ. ಉದ್ದೇಶ ಒಳ್ಳೆಯದೇ: ಕೆಲಸವಿಲ್ಲದೆ ಹುಡುಗರು ಊರು ಬಿಡುತ್ತಿದ್ದ ಉತ್ತರದ ಮೂಲೆಗೆ ನಾಲ್ಕು ಜನ ಬರಲಿ, ನಾಲ್ಕು ಕಾಸು ಓಡಾಡಲಿ. ಜನ ಬಂದರು, ಬೇಕಾದಷ್ಟು ಬಂದರು, ಆಮೇಲೆ ಬೇಡವಾಗುವಷ್ಟೂ ಬಂದರು. ಹೆಸರು ಬಂದ ವೇಗದಲ್ಲಿ ರಸ್ತೆ ಅಗಲವಾಗಲಿಲ್ಲ, ಶೌಚಾಲಯ ಏಳಲಿಲ್ಲ, ಕಸ ಒಯ್ಯುವ ಲಾರಿ ಹೆಚ್ಚಲಿಲ್ಲ.

ರಸ್ತೆಯ ಮಾತಿಗೇ ಬರುತ್ತೇನೆ, ಏಕೆಂದರೆ ಅಲ್ಲಿನ ಸಭ್ಯತೆಯ ಅರ್ಧ ಪಾಠ ರಸ್ತೆಯ ಮೇಲೇ ಆಗುತ್ತದೆ. ಮುಖ್ಯ ಹೆದ್ದಾರಿ ಬಿಟ್ಟರೆ ಬಹಳಷ್ಟು ಕಡೆ ಒಂದೇ ಗಾಡಿಯ ಅಗಲದ ದಾರಿ. ಇಕ್ಕೆಲದಲ್ಲಿ ಕೆಸರು, ಹುಲ್ಲು, ಆಮೇಲೆ ಚರಂಡಿ. ಅಲ್ಲಲ್ಲಿ ರಸ್ತೆ ಒಂದು ಕಡೆಗೆ ಸ್ವಲ್ಪ ಹೊಟ್ಟೆ ಬಿಟ್ಟುಕೊಂಡಿರುತ್ತದೆ. ಪಕ್ಕದ ಕಂಬದ ಮೇಲೆ ಬಿಳಿ ಫಲಕ, 'ಪಾಸಿಂಗ್ ಪ್ಲೇಸ್'. ಎದುರಿಗೆ ಗಾಡಿ ಬಂದರೆ, ಆ ಹೊಟ್ಟೆ ನಮ್ಮ ಎಡಕ್ಕಿದ್ದರೆ ನಾವು ಒಳಗೆ ಸರಿಯಬೇಕು. ಬಲಕ್ಕಿದ್ದರೆ ರಸ್ತೆ ದಾಟಿ ಹೋಗಬಾರದು, ಇದ್ದಲ್ಲೇ ನಿಂತು ಎದುರಿನವರು ಅದರೊಳಗೆ ತಿರುಗಿ ಬರಲು ಬಿಡಬೇಕು. ಹಾಯ್ದು ಹೋಗುವಾಗ ಸ್ಟೀರಿಂಗಿನ ಮೇಲಿನ ಕೈಯಿಂದ ಒಂದೆರಡು ಬೆರಳು ಎತ್ತುವುದು ವಾಡಿಕೆ. ಹಿಂದೆ ಗಾಡಿ ಬಂದರೂ ಅದೇ ಜಾಗದಲ್ಲಿ ನಿಂತು ಮುಂದೆ ಬಿಡಬೇಕು. ಹೊಸಬರು ಮರೆಯುವುದು ಇದನ್ನೇ. ನಾವು ಕೊಲ್ಲಿಯ ಚೆಂದ ನೋಡುತ್ತ ಗಂಟೆಗೆ ಇಪ್ಪತ್ತು ಮೈಲಿಯಲ್ಲಿ ತೆವಳುವಾಗ ಹಿಂದೆ ಅಂಟಿಕೊಂಡವರು ಪಶುವೈದ್ಯರಿರಬಹುದು, ಮನೆಮನೆಗೆ ಹೋಗುವ ನರ್ಸ್ ಇರಬಹುದು, ಅಂಚೆಯವರಿರಬಹುದು. ನಮಗೆ ರಜೆ, ಅವರಿಗೆ ಬುಧವಾರ.

ಏಳು ಮೀಟರಿನ ಮೋಟರ್‌ಹೋಮ್ ಈ ಜಾಗಗಳಲ್ಲಿ ಹಿಡಿಸಿದರೆ ಹಿಡಿಸೀತು, ಇಲ್ಲದಿದ್ದರೆ ಬಾಲ ಹೊರಗೆ. ಮೂರು ಗಾಡಿ ಸಾಲಾಗಿ ಹೊರಟರಂತೂ ಯಾವ ಜಾಗದಲ್ಲೂ ಹಿಡಿಸುವುದಿಲ್ಲ. ಗೆಳೆಯರ ಕುಟುಂಬಗಳು ಜೊತೆಯಾಗಿ ಹೋಗುವ ಉತ್ಸಾಹವಿದ್ದರೆ ಗಂಟೆಗಟ್ಟಲೆ ಅಂತರ ಬಿಟ್ಟು ಹೊರಡಬೇಕು. ಆ್ಯಪಲ್‌ಕ್ರಾಸ್ ಎಂಬ ಊರಿಗೆ ಹೋಗುವ ಬ್ಯಾಲಖ್ ನ ಬಾ ಘಟ್ಟವನ್ನು ನನ್ನ ಅಳಿಯ ತನ್ನ ಹಾಳೆಯಲ್ಲಿ ಕೆಂಪು ನಕ್ಷತ್ರ ಹಾಕಿ ಗುರುತಿಸಿದ್ದ. ದನ ಹೊಡೆದುಕೊಂಡು ಹೋಗುತ್ತಿದ್ದ ಕಣಿವೆಗೆ 1822ರಲ್ಲಿ ಕಟ್ಟಿದ ರಸ್ತೆ ಅದು. ಸಮುದ್ರದ ಮಟ್ಟದಿಂದ 626 ಮೀಟರ್ ಏರುತ್ತದೆ. ಕೆಲವು ಕಡೆ ಐದು ಅಡಿಗೆ ಒಂದು ಅಡಿ ಏರು. ಮೇಲಕ್ಕೆ ಹೋದಂತೆ ಹೇರ್‌ಪಿನ್ ತಿರುವುಗಳು. ಬುಡದಲ್ಲೇ ದೊಡ್ಡ ಬೋರ್ಡು ನಿಲ್ಲಿಸಿ, ಹೊಸದಾಗಿ ಗಾಡಿ ಕಲಿಯುವವರು, ತುಂಬ ದೊಡ್ಡ ವಾಹನದವರು, ಕ್ಯಾರವಾನ್ ಎಳೆಯುವವರು ಇತ್ತ ಬರಬೇಡಿ ಎಂದು ಬರೆದಿದ್ದಾರೆ. ಆದರೂ ಬರುತ್ತಾರೆ. ತಿರುವಿನಲ್ಲಿ ಒಂದು ಗಾಡಿ ಸಿಕ್ಕಿಕೊಂಡರೆ ಆ ಕಡೆಯ ಊರಿನವರು ಸಂಜೆಯವರೆಗೂ ಕಾಯಬೇಕಾದೀತು. ಶೀಲ್ಡೇಗ್ ಮೂಲಕ ಕರಾವಳಿಯ ಗುಂಟ ಇನ್ನೊಂದು ದಾರಿಯಿದೆ, 1970ರ ದಶಕದಲ್ಲಿ ಆದದ್ದು. ಸುತ್ತು ಹೆಚ್ಚು, ನೋಟ ಕಡಿಮೆಯೇನಲ್ಲ. "ಆ ನಕ್ಷತ್ರ ಅಳಿಸು" ಎಂದೆ. "ಯೂಟ್ಯೂಬಲ್ಲಿ ಎಲ್ಲಾರೂ ಹತ್ತಿದಾರಲ್ಲ ಮಾವ" ಎಂದ. ಹತ್ತಲಾಗದವರು ವಿಡಿಯೋ ಹಾಕುವುದಿಲ್ಲ ಕಣೋ ಎಂದು ಹೇಳಬೇಕಾಯಿತು.

'ಫ್ರೀ, ಸಿಕ್ಕಲ್ಲಿ' ಎಂಬುದಕ್ಕೆ ಅವನ ಬಳಿ ಕಾನೂನಿನ ಆಧಾರವೂ ಇತ್ತು. ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ಬಿಡಾರ ಹೂಡಬಹುದಂತೆ! ಅರ್ಧ ನಿಜ. 2003ರ ಭೂಸುಧಾರಣಾ ಕಾಯಿದೆ ಅಲ್ಲಿನ ಬಹುಪಾಲು ನೆಲದ ಮೇಲೆ, ಒಡೆಯರು ಯಾರೇ ಇರಲಿ, ನಡೆದು ಹೋಗುವ, ಸೈಕಲ್ ತುಳಿಯುವ, ಸಣ್ಣ ಗುಡಾರ ಹಾಕಿ ಒಂದೆರಡು ರಾತ್ರಿ ಕಳೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಬೇಲಿ, ಗೇಟು, 'ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ' ಎಂಬ ಬೋರ್ಡುಗಳ ನಡುವೆ ಬೆಳೆದ ನಮಗೆ ಇದು ಸೋಜಿಗದ ಕಾಯಿದೆಯೇ. ಆದರೆ ಹೊಣೆಯರಿತು ನಡೆದುಕೊಳ್ಳುವವರೆಗೆ ಮಾತ್ರ ಆ ಹಕ್ಕು. ಮತ್ತು ಎಂಜಿನ್ ಇರುವ ಗಾಡಿಗೆ ಅದು ಅನ್ವಯಿಸುವುದೇ ಇಲ್ಲ. ಬೆನ್ನ ಮೇಲೆ ಗುಡಾರ ಹೊತ್ತು ಬೆಟ್ಟ ಹತ್ತಿದವರಿಗೆ ಕೊಟ್ಟದ್ದನ್ನು ಡೀಸೆಲ್ ಗಾಡಿಯವರು ತಮ್ಮದೆಂದುಕೊಂಡಿದ್ದಾರೆ.

ಕಾನೂನನ್ನು ಬದಿಗಿಟ್ಟೂ ಯೋಚಿಸಬಹುದು. ಹ್ಯಾರಿಸ್ ದ್ವೀಪದ ಲಸ್ಕೆಂಟೈರ್ ಎಂಬಲ್ಲಿ ಹಸಿರು ನೀಲಿ ನೀರು, ಬಿಳಿ ಮರಳಿನ ಬಹು ದೊಡ್ಡ ಕಡಲತೀರವಿದೆ. ಉಷ್ಣವಲಯದ ದ್ವೀಪದ ಚಿತ್ರವೆಂದು ಕಣ್ಣು ಮೋಸಹೋಗುತ್ತದೆ, ನೀರಿಗೆ ಕಾಲಿಟ್ಟರೆ ಮಾತ್ರ ಜೀವ ಝಲ್ಲೆನ್ನುತ್ತದೆ. ಗಾಡಿ ನಿಲ್ಲಿಸುವ ಜಾಗ ಊರಿನ ಸ್ಮಶಾನದ ಪಕ್ಕದಲ್ಲಿ. ಹೂ ಇಡಲು ಬಂದವರ ಎದುರಿಗೆ ಒಬ್ಬರು ವ್ಯಾನಿನ ಬಾಗಿಲು ತೆರೆದು ಮೊಟ್ಟೆ ಹುರಿಯುತ್ತ ನಿಂತಿದ್ದರೆ, ಅದನ್ನು ಯಾವ ಕಾಯಿದೆ ತಡೆಯಬೇಕು?

ಅಂಥ ತೀರಗಳ ಹಿಂದಿನ ಹುಲ್ಲುಬಯಲಿಗೆ ಗೇಲಿಕ್ ಭಾಷೆಯಲ್ಲಿ ಮಾಖರ್ ಎನ್ನುತ್ತಾರೆ. ಕಪ್ಪೆಚಿಪ್ಪುಗಳು ಪುಡಿಯಾಗಿ ಗಾಳಿಗೆ ಹಾರಿ ಬಂದು, ಹುಳಿಮಣ್ಣಿನ ಪೀಟ್ ನೆಲದ ಅಂಚಿಗೆ ಸುಣ್ಣದ ಮರಳು ಸೇರಿಸಿ ಆದ ನೆಲ. ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಪಶ್ಚಿಮ ಕರಾವಳಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಬೇಸಿಗೆಯಲ್ಲಿ ಹುಲ್ಲಿಗಿಂತ ಹೂವೇ ಹೆಚ್ಚು. ಆಫ್ರಿಕಾದಿಂದ ಹಾರಿ ಬರುವ ಕಾರ್ನ್‌ಕ್ರೇಕ್ ಹಕ್ಕಿ ಅಲ್ಲಿನ ಎತ್ತರದ ಹುಲ್ಲಿನಲ್ಲಿ ಅಡಗಿ ಮೊಟ್ಟೆಯಿಡುತ್ತದೆ. ಅಲ್ಲಿನ ಸಣ್ಣ ಹಿಡುವಳಿದಾರರಾದ ಕ್ರಾಫ್ಟರುಗಳು ಕಡಲಕಳೆಯನ್ನು ಗೊಬ್ಬರವಾಗಿ ಹಾಕಿ, ತುಸು ಓಟ್ಸ್ ಬೆಳೆದು, ದನ ಕುರಿ ಮೇಯಿಸಿ ಆ ನೆಲವನ್ನು ಕಾಪಾಡಿಕೊಂಡು ಬಂದಿದ್ದಾರೆ. ಹುಲ್ಲಿನ ಪದರ ತೀರಾ ತೆಳು. ಮಳೆ ಬಿದ್ದ ಮಾರನೆಯ ದಿನ ಭಾರದ ಚಕ್ರ ಒಮ್ಮೆ ಜಾರಿ ತಿರುಗಿದರೆ ಹಸಿರು ಹರಿದು ಮರಳು ಕಾಣುತ್ತದೆ. ಚಳಿಗಾಲದ ಬಿರುಗಾಳಿ ಆ ಹರಿದ ಬಾಯನ್ನೇ ಹಿಡಿದು ಅಗಲಿಸುತ್ತ ಹೋಗುತ್ತದೆ. ಗಾಡಿ ನಿಲ್ಲಿಸಿದವರು ಆ ಹೊತ್ತಿಗೆ ಮನೆಯಲ್ಲಿ ಕೂತು ಫೋಟೋ ಹಂಚುತ್ತಿರುತ್ತಾರೆ.

ಇನ್ನು ವ್ಯಾನಿನೊಳಗಿನ ಆ ಶೌಚದ ಗೂಡಿನ ವಿಚಾರ. ಸಭ್ಯ ಬರಹಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ನನಗೆ ಅದು ಸರಿಯೆನಿಸುವುದಿಲ್ಲ. ವ್ಯಾನಿನ ಶೌಚದ ಕೆಳಗೆ ಸೂಟ್‌ಕೇಸಿನಂಥ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ, ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ. ಇಪ್ಪತ್ತು ಲೀಟರಿನ ಆಸುಪಾಸು. ಹೊರಗಿನ ಸಣ್ಣ ಬಾಗಿಲು ತೆರೆದು, ಕೊಂಡಿ ಬಿಚ್ಚಿ, ಎಳೆದು, ಚಕ್ರವಿದ್ದರೆ ಉರುಳಿಸಿಕೊಂಡು, ಇಲ್ಲದಿದ್ದರೆ ತೊಡೆಗೆ ತಾಗದಂತೆ ಎತ್ತಿಕೊಂಡು ಹೋಗಿ, ಅದಕ್ಕೆಂದೇ ಮಾಡಿದ ಗುಂಡಿಯಲ್ಲಿ ಮೂತಿ ಬಗ್ಗಿಸಿ ಸುರಿಯಬೇಕು. ಗಾಳಿ ಹೋಗುವ ಬಟನ್ ಒತ್ತಿ ಹಿಡಿಯದಿದ್ದರೆ ಗಳಗಳ ಎಂದು ಉಕ್ಕಿ ಪಾದರಕ್ಷೆಯ ಮೇಲೆ ಹಾರುತ್ತದೆ. ಎರಡು ಸಲ ನೀರು ಹಾಕಿ ಕುಲುಕಿ, ನೀಲಿ ದ್ರವ ಅಳೆದು ಹಾಕಿ, ಮತ್ತೆ ಕೂರಿಸಬೇಕು. ನಾಲ್ಕೈದು ಜನರಿದ್ದರೆ ಒಂದೆರಡು ದಿನಕ್ಕೊಮ್ಮೆ ಈ ಸೇವೆ. ಆ ನೀಲಿ ದ್ರವ ಕೆಲವದರಲ್ಲಿ ಫಾರ್ಮಾಲ್ಡಿಹೈಡ್ ಇರುವ ವಿಷ. ಅಲ್ಲಿನ ಒಂಟಿ ಮನೆಗಳಿಗೂ ಸಣ್ಣ ಊರುಗಳ ಸಾರ್ವಜನಿಕ ಶೌಚಾಲಯಗಳಿಗೂ ಹೆಚ್ಚಾಗಿ ಇರುವುದು ಸೆಪ್ಟಿಕ್ ಟ್ಯಾಂಕು. ಅದರೊಳಗೆ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಕ್ಯಾಸೆಟ್ಟನ್ನು ಅಲ್ಲಿನ ಕಮೋಡಿಗೆ ಸುರಿದರೆ ಆ ಜೀವಿಗಳು ಸತ್ತು ಟ್ಯಾಂಕು ಕೆಲಸ ನಿಲ್ಲಿಸಬಹುದು. ಚರಂಡಿಗೆ, ಹೊಳೆಗೆ ಸುರಿಯುವವರೂ ಇದ್ದಾರೆ. ಬೆಟ್ಟದ ಮನೆಯವರಲ್ಲಿ ಎಷ್ಟೋ ಮಂದಿ ಕುಡಿಯುವ ನೀರು ತರುವುದು ಅಂಥದೇ ಹೊಳೆಯಿಂದ.

ಅಳಿಯನ ಹಾಳೆಯಲ್ಲಿ ಇದಕ್ಕೆ ಸಾಲೇ ಇರಲಿಲ್ಲ. ಪ್ರವಾಸದ ಯೋಜನೆ ಇಲ್ಲಿಂದಲೇ ಶುರುವಾಗಬೇಕೆಂದು ನನ್ನ ವಾದ. ಕ್ಯಾಸೆಟ್ ಸುರಿಯುವ ಗುಂಡಿಗಳು ಎಲ್ಲೆಲ್ಲಿವೆ ಎಂದು ಮೊದಲು ಗುರುತು ಹಾಕಿ, ಆಮೇಲೆ ಆ ಚುಕ್ಕಿಗಳ ನಡುವೆ ಚೆಂದದ ಜಾಗಗಳನ್ನು ಹುಡುಕಿಕೊಂಡರೆ ಎಲ್ಲ ಕ್ರಮಕ್ಕೆ ಬರುತ್ತದೆ. ಅವು ಇರುವುದು ಹೆಚ್ಚಾಗಿ ದುಡ್ಡು ಕೊಟ್ಟು ತಂಗುವ ಕ್ಯಾಂಪ್‌ಸೈಟುಗಳಲ್ಲಿ, ಊರವರೇ ನಡೆಸುವ ತಾಣಗಳಲ್ಲಿ. ಲಸ್ಕೆಂಟೈರ್ ಇರುವ ನೆಲವೇ 2010ರಿಂದ ವೆಸ್ಟ್ ಹ್ಯಾರಿಸ್ ಟ್ರಸ್ಟಿನದು, ಎಂದರೆ ಅಲ್ಲಿ ಬದುಕುವವರದೇ ಒಡೆತನ. ವ್ಯಾನಿನವರಿಗೆ ರಾತ್ರಿ ನಿಲ್ಲುವ ಜಾಗಗಳನ್ನೂ ಅವರೇ ಮಾಡಿಕೊಟ್ಟಿದ್ದಾರೆ. ಅಲ್ಲಿ ಕೊಟ್ಟ ಹಣ ಊರಿನ ಕೆಲಸಕ್ಕೇ ಹೋಗುತ್ತದೆ. 'ಫ್ರೀ' ಎಂದು ತಪ್ಪಿಸಿಕೊಳ್ಳುವುದು ಇದರಿಂದ!

ಸರಕಾರದವರಿಗೂ ಈ ಬಾಬತ್ತು ಕೈಗೆ ಹತ್ತಿಲ್ಲ. ಅಲ್ಲಿನ ಸ್ಥಳೀಯಾಡಳಿತವಾದ ಹೈಲ್ಯಾಂಡ್ ಕೌನ್ಸಿಲ್ 2024ರಲ್ಲಿ ವ್ಯಾನಿನವರಿಗೆಂದು ವಾರಕ್ಕೆ 40 ಪೌಂಡಿನ ಒಂದು ಯೋಜನೆ ತಂದಿತು, ಕಡ್ಡಾಯವಲ್ಲ, ಮನಸ್ಸಿದ್ದವರು ಕಟ್ಟಬಹುದಿತ್ತು. ಕಟ್ಟಿದವರು ಕೌನ್ಸಿಲಿನ ಕೆಲವು ಕಾರ್‌ಪಾರ್ಕುಗಳಲ್ಲಿ ರಾತ್ರಿ ನಿಲ್ಲಬಹುದಿತ್ತು. ನಮ್ಮ ಹೊಟ್ಟೆಯ ಮೇಲೆ ಹೊಡೆದಿರಿ ಎಂದು ಕ್ಯಾಂಪ್‌ಸೈಟ್ ನಡೆಸುವವರು ಸಿಟ್ಟಾದರು. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಹಂಗನ್ನು ಐಚ್ಛಿಕ ವಿಷಯ ಮಾಡಿದರೆ ಅದನ್ನು ತೀರಿಸುವವರು ಮೊದಲೇ ತೀರಿಸುತ್ತಿದ್ದವರೇ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಫೆರ್ರಿಯದು. ಪಶ್ಚಿಮದ ದ್ವೀಪಗಳಿಗೆ ಹಡಗು ಓಡಿಸುವ ಕ್ಯಾಲ್‌ಮ್ಯಾಕ್ ಸರಕಾರಿ ಒಡೆತನದ್ದು. ಮೊದಲು ಟಿಕೆಟ್ಟು ದುಬಾರಿಯಿತ್ತು. ಅಷ್ಟೇ ದೂರ ರಸ್ತೆಯಲ್ಲಿ ಹೋದರೆ ಎಷ್ಟು ಖರ್ಚೋ ಸುಮಾರು ಅದೇ ಲೆಕ್ಕದಲ್ಲಿ ದರ ಇಡಬೇಕೆಂದು 2008ರಲ್ಲಿ ಹ್ಯಾರಿಸ್ ಸೇರಿದ ಔಟರ್ ಹೆಬ್ರಿಡೀಸ್, ಕೋಲ್, ಟೈರೀ ದ್ವೀಪಗಳಲ್ಲಿ ಪ್ರಯೋಗ ಶುರುವಾಗಿ, 2015ರ ಹೊತ್ತಿಗೆ ಉಳಿದ ಮಾರ್ಗಗಳಿಗೂ ಬಂತು. ದ್ವೀಪದವರ ಬದುಕು ಹಗುರಾಗಲಿ ಎಂಬ ಉದ್ದೇಶ. ಅಗ್ಗದ ಟಿಕೆಟ್ಟು ಎಲ್ಲರಿಗೂ ಅಗ್ಗ; ವ್ಯಾನುಗಳು ಹಡಗು ತುಂಬತೊಡಗಿದವು. ಹಡಗುಗಳೋ ಹಳೆಯವು, ಕೆಟ್ಟು ನಿಲ್ಲುವಂಥವು. ಹೊಸದಾಗಿ ಕಟ್ಟಲು 2015ರಲ್ಲಿ ಗುತ್ತಿಗೆ ಕೊಟ್ಟ ಎರಡರಲ್ಲಿ ಮೊದಲನೆಯದು, ಗ್ಲೆನ್ ಸ್ಯಾನಕ್ಸ್, ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2025ರ ಜನವರಿಯಲ್ಲಿ. 2023ರ ಜೂನಿನಲ್ಲಿ ಸೌತ್ ಯೂಯಿಸ್ಟ್ ದ್ವೀಪದ ಲಾಕ್‌ಬಾಯ್ಸ್‌ಡೇಲ್ ಬಂದರಿಗೆ ಬರಬೇಕಿದ್ದ ಹಡಗನ್ನು ಬೇರೆ ಕಡೆಗೆ ತಿರುಗಿಸಿದಾಗ ನೂರಾರು ಜನ ಕಾರು, ಲಾರಿ, ಟ್ರ್ಯಾಕ್ಟರ್ ಸಮೇತ ಬಂದರಿಗೆ ಬಂದು ಪ್ರತಿಭಟಿಸಿದರು.

ಹಡಗಿನ ಹೊಟ್ಟೆಯಲ್ಲಿ ಜಾಗ ಮೀಟರಿನ ಲೆಕ್ಕದಲ್ಲಿ. ಯೋಜನೆ ಹಾಕಿ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡುವುದು ಪ್ರವಾಸಿಗೆ ಸುಲಭ. ಇನ್ವರ್ನೆಸ್ಸಿನ ಆಸ್ಪತ್ರೆಯಿಂದ ಬರುವ ವಾರ ಬನ್ನಿ ಎಂದು ಪತ್ರ ಬಂದವರಿಗೆ, ಹಠಾತ್ತಾಗಿ ಸತ್ತವರ ಮನೆಗೆ ಹೋಗಬೇಕಾದವರಿಗೆ, ಕುರಿಗಳನ್ನು ಸಂತೆಗೆ ಒಯ್ಯುವವರಿಗೆ ಆ ಸೌಲಭ್ಯವಿಲ್ಲ. ನಾವು ಚೆನ್ನಾಗಿ ಯೋಜಿಸಿದಷ್ಟೂ ಅವರಿಗೆ ಜಾಗ ಕಡಿಮೆ. ಜವಾಬ್ದಾರಿಯ ಪ್ರವಾಸ ಎಂದರೆ ಮುಂದಾಲೋಚನೆ ಎಂದು ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಮುಂದಾಲೋಚನೆಯೇ ಇನ್ನೊಬ್ಬರ ದಾರಿಗೆ ಅಡ್ಡ. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಜುಲೈ ಆಗಸ್ಟ್ ಬಿಟ್ಟು ಮೇ ತಿಂಗಳಲ್ಲೋ ಸೆಪ್ಟೆಂಬರ್ ಕೊನೆಗೋ ಹೋದರೆ ಒತ್ತಡ ಕಡಿಮೆ. ಮಿಜ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿಯ ಕಾಟವೂ ಆಗ ಕಡಿಮೆಯೇ. ಗಾಳಿ ನಿಂತ ಮಂಕು ಸಂಜೆಯಲ್ಲಿ ಅದು ಮುಕುರಿದರೆ ವೇದಾಂತಿಗೂ ತಾಳ್ಮೆ ತಪ್ಪುತ್ತದೆ. ಗಾಡಿ ಚಿಕ್ಕದಾದಷ್ಟೂ ಒಳ್ಳೆಯದು. ಗಾಡಿಯನ್ನು ಒಯ್ಯದೇ ಇರುವುದು ಇನ್ನೂ ಒಳ್ಳೆಯದು.

ಒಯ್ಯಲೇಬಾರದು ಎಂದು ನಿಯಮ ಮಾಡಿಕೊಂಡ ದ್ವೀಪಗಳೂ ಇವೆ. ಎಗ್, ರಮ್, ಮಕ್, ಕ್ಯಾನ್ನಾ ಎಂಬ ಪುಟ್ಟ ನಾಲ್ಕಕ್ಕೆ ಪ್ರವಾಸಿಗಳು ತಮ್ಮ ವಾಹನ ತರುವ ಹಾಗಿಲ್ಲ. ಎಗ್ ದ್ವೀಪವನ್ನು ಅಲ್ಲಿನ ಜನ, ಆಗ ಅರವತ್ತೈದರ ಆಸುಪಾಸಿನ ಜನ, ಚಂದಾ ಎತ್ತಿ 1997ರಲ್ಲಿ ಜಮೀನುದಾರನಿಂದ ಕೊಂಡುಕೊಂಡರು. 2008ರಲ್ಲಿ ಬಿಸಿಲು, ಗಾಳಿ, ನೀರುಗಳಿಂದ ತಮ್ಮದೇ ವಿದ್ಯುತ್ ಜಾಲ ಮಾಡಿಕೊಂಡರು. ಮನೆಗೆ ಒಂದು ಹೊತ್ತಿಗೆ 5 ಕಿಲೋವಾಟ್, ಅದಕ್ಕಿಂತ ಹೆಚ್ಚಿಗೆ ಯಾರೂ ಎಳೆಯುವಂತಿಲ್ಲ. ಇಷ್ಟೇ ಇರುವುದು, ಹಂಚಿಕೊಂಡು ಬದುಕೋಣ ಎಂದು ತಮಗೆ ತಾವೇ ಗೆರೆ ಹಾಕಿಕೊಂಡವರು ಬಂದವರಿಗೂ ಒಂದು ಗೆರೆ ಹಾಕಿದರೆ ಅದನ್ನು ಸಿಡುಕು ಎನ್ನಲಾಗದು.

ಲೂಯಿಸ್, ಹ್ಯಾರಿಸ್ ದ್ವೀಪಗಳ ಭಾನುವಾರವೂ ಅಂಥದೇ ಒಂದು ಗೆರೆ. ಅಂದು ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಬಸ್ಸಿಲ್ಲ, ಹಗ್ಗದ ಮೇಲೆ ಬಟ್ಟೆ ಒಣಹಾಕುವುದನ್ನೂ ಹಲವರು ಒಪ್ಪುವುದಿಲ್ಲ. ಲೂಯಿಸಿನ ಬಂದರೂರು ಸ್ಟೋರ್ನೊವೇಯಿಂದ ಭಾನುವಾರದ ಫೆರ್ರಿ ಶುರುವಾದದ್ದೇ 2009ರಲ್ಲಿ. 2024ರ ನವೆಂಬರಿನಲ್ಲಿ ಅಲ್ಲಿನ ಒಂದು ಸೂಪರ್‌ಮಾರ್ಕೆಟ್ ಭಾನುವಾರವೂ ಬಾಗಿಲು ತೆರೆದಾಗ ಊರು ಎರಡಾಯಿತು. ಆ ಜಗಳ ಅವರದು. ಯಾವುದೋ ಒಂದು ಪಕ್ಷ ಸರಿಯೆಂದು ವ್ಯಾನಿನ ಕಿಟಕಿಯಿಂದ ತೀರ್ಪು ಕೊಡಲು ನಾವು ಯಾರು? ಶನಿವಾರ ಸಂಜೆಯೊಳಗೆ ಡೀಸೆಲ್ ತುಂಬಿಕೊಂಡು, ಭಾನುವಾರ ಒದ್ದೆ ಟವೆಲ್ಲನ್ನು ಗಾಡಿಯ ಒಳಗೇ ಒಣಗಿಸಿಕೊಂಡರೆ ನಮ್ಮ ಸ್ವಾತಂತ್ರ್ಯಕ್ಕೇನೂ ಭಂಗ ಬರುವುದಿಲ್ಲ.

ಈ ಸೀಮೆಗೆ ಹೋದವರೆಲ್ಲ ಒಂದು ಮಾತು ಆಡಿಯೇ ಆಡುತ್ತಾರೆ: ಎಷ್ಟು ಖಾಲಿ, ಎಷ್ಟು ನಿರ್ಮಲ, ಮನುಷ್ಯರ ಸುಳಿವೇ ಇಲ್ಲ. ಆ ಖಾಲಿತನ ನಿಸರ್ಗ ಕೊಟ್ಟದ್ದಲ್ಲ. ಉತ್ತರದ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಹಳ್ಳಿಗಳಿದ್ದವು, ಹೊಲಗಳಿದ್ದವು. 1814ರಲ್ಲೂ ಆಮೇಲೆ 1819ರಲ್ಲೂ ಸದರ್ಲೆಂಡ್ ಜಮೀನ್ದಾರಿಯವರು ಕುರಿ ಸಾಕಣೆಗೆಂದು ಅಲ್ಲಿನ ಜನರನ್ನು ಎಬ್ಬಿಸಿದರು. ಮತ್ತೆ ಬಂದು ಸೇರಬಾರದೆಂದು ಮನೆಯ ಮರಮಟ್ಟಿಗೆ ಬೆಂಕಿಯಿಟ್ಟರು. ರೋಸಲ್ ಎಂಬ ಹಳ್ಳಿಯ ಗೋಡೆಗಳ ಬುಡ ಈಗಲೂ ಹುಲ್ಲಿನಲ್ಲಿ ಕಾಣುತ್ತದೆ. ಗ್ಲೆನ್‌ಕ್ಯಾಲ್ವಿ ಕಣಿವೆಯಿಂದ 1845ರಲ್ಲಿ ಹೊರದೂಡಲ್ಪಟ್ಟ ಕುಟುಂಬಗಳು ಕ್ರೋಯಿಕ್ ಎಂಬಲ್ಲಿನ ಚರ್ಚಿನ ಅಂಗಳದಲ್ಲಿ ತಾಡಪಾಲು ಕಟ್ಟಿಕೊಂಡು ದಿನ ಕಳೆದವು. ಚರ್ಚಿನ ಒಳಗೆ ಕಾಲಿಡಲಿಲ್ಲ. ಕಿಟಕಿಯ ಗಾಜಿನ ಮೇಲೆ ಹೊರಗಿನಿಂದ ತಮ್ಮ ಗೋಳನ್ನು ಗೀಚಿ ಹೋದರು. ವಜ್ರಾಕಾರದ ಸಣ್ಣ ಗಾಜುಗಳ ಮೇಲೆ ಸೂಜಿಯಲ್ಲಿ ಬರೆದಂಥ ತೆಳು ಅಕ್ಷರ. ತಲೆ ಓರೆ ಮಾಡಿ, ಬೆಳಕಿಗೆ ಹೊಂದಿಸಿಕೊಂಡರೆ ಈಗಲೂ ಓದಬಹುದು.

ಹಾಗೆ ನೆಲೆ ಕಳೆದುಕೊಂಡವರಲ್ಲಿ ಕೆಲವರು ಕೆನಡಾಕ್ಕೆ ಹಡಗು ಹತ್ತಿದರು. ಹಲವರನ್ನು ತಳ್ಳಿದ್ದು ಸಮುದ್ರದ ಅಂಚಿನ ಕಲ್ಲು ನೆಲಕ್ಕೆ, ಯಾರಿಗೂ ಬೇಡದ ಕಡೆಗೆ. ಮೀನು ಹಿಡಿದು, ಕಡಲಕಳೆ ಸುಟ್ಟು ಬದುಕಿ ಎಂದರು. ಈಗ ಜಗತ್ತಿಗೆಲ್ಲ ಬೇಕಾಗಿರುವುದು ಆ ಅಂಚೇ. ಪರದೆ ಸರಿಸಿದರೆ ಸಮುದ್ರ ಕಾಣಬೇಕು ಎನ್ನುವ ವ್ಯಾನು ನಿಲ್ಲುವುದು ಅಲ್ಲೇ, ರಜೆಯ ಮನೆ ಕೊಳ್ಳುವವರು ಬೆಲೆ ಏರಿಸುವುದು ಅಲ್ಲೇ. ಮುತ್ತಜ್ಜನನ್ನು ಬಲವಂತವಾಗಿ ತಂದು ಕೂರಿಸಿದ ದಡದಲ್ಲಿ ಮರಿಮಗಳಿಗೆ ಮನೆ ಕೊಳ್ಳಲಾಗುತ್ತಿಲ್ಲ.

ನಮಗೂ ಈ ಸೀಮೆಗೂ ಹಳೆಯ ಲೇವಾದೇವಿಯೊಂದಿದೆ. ಶ್ರೀರಂಗಪಟ್ಟಣದ ಗುಂಬಜ್ ಹತ್ತಿರ ಕರ್ನಲ್ ಬೈಲಿಯ ಸ್ಮಾರಕವನ್ನು ಕಂಡವರಿರಬಹುದು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪು ಪಡೆಗೆ ಸಿಕ್ಕಿ, 1782ರಲ್ಲಿ ಸೆರೆಯಲ್ಲೇ ಸತ್ತ ಆ ವಿಲಿಯಂ ಬೈಲಿಯ ಮನೆತನದ್ದು ಡುನೇನ್ ಎಂಬ ಊರು, ವ್ಯಾನುಗಳು ಹೊರಡುವ ಇನ್ವರ್ನೆಸ್ಸಿನ ಮಗ್ಗುಲಲ್ಲೇ. ಇನ್ನೊಬ್ಬ ಕಾಲಿನ್ ಮೆಕೆಂಜಿ, ಲೂಯಿಸ್ ದ್ವೀಪದ ಸ್ಟೋರ್ನೊವೇಯವನು, ಅಲ್ಲಿ ಸುಂಕದ ಕಚೇರಿಯಲ್ಲಿದ್ದವನು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೇಕ್ಷಣೆ ನಡೆಸಿದವನು ಅವನೇ. ಆಳುವವರಿಗೆ ನಕ್ಷೆ ಬೇಕಿತ್ತು, ಆ ಉದ್ದೇಶವನ್ನು ಮರೆಮಾಚಬೇಕಾಗಿಲ್ಲ. ಆದರೂ ಕಾವಲಿ ವೆಂಕಟ ಬೊರಯ್ಯ ಮೊದಲಾದ ಸಹಾಯಕರನ್ನು ಕಟ್ಟಿಕೊಂಡು ಅವನು ಊರೂರಿನ ಹಿರಿಯರಿಂದ ಸಂಗ್ರಹಿಸಿದ ಕೈಫಿಯತ್ತುಗಳು ಇಲ್ಲದಿದ್ದರೆ ನಮ್ಮ ಎಷ್ಟೋ ಊರುಗಳ ಹಳೆಯ ಸುದ್ದಿ ನಮಗೇ ತಿಳಿಯುತ್ತಿರಲಿಲ್ಲ. 1816ರಲ್ಲಿ ಥಾಮಸ್ ಹಿಕಿ ಬರೆದ ಅವನ ಚಿತ್ರದಲ್ಲಿ ಹಿಂಬದಿಗೆ ಕಾರ್ಕಳದ ಗೊಮ್ಮಟ ನಿಂತಿದ್ದಾನೆ. 1821ರಲ್ಲಿ ಸತ್ತ ಮೆಕೆಂಜಿ ತನ್ನ ದ್ವೀಪಕ್ಕೆ ಮರಳಲೇ ಇಲ್ಲ. ನಾವು ಮೈಸೂರು ಸೀಮೆಯವರು ಅವನ ಊರಿಗೆ ಹೋಗಿ, ಯಾರನ್ನೂ ಏನನ್ನೂ ಕೇಳದೆ, ಫೋನಿನಲ್ಲಿ ನಕ್ಷೆ ನೋಡಿಕೊಂಡು ಸುತ್ತಿ ಬಂದುಬಿಡಬಹುದು. ಹಾಗೆ ಮಾಡಿದರೆ ಕೇಳುವವರಿಲ್ಲ, ನಿಜ.

ಇಷ್ಟು ಹೇಳಿದ ಮೇಲೆ ವ್ಯಾನಿನವರ ಪರವಾಗಿಯೂ ಒಂದು ಮಾತು. ಬೇಸಿಗೆಯಲ್ಲಿ ಅಲ್ಲಿನ ಹೋಟೆಲ್ ದರ ಕೇಳಿದರೆ ನಾಲ್ಕು ಜನರ ಕುಟುಂಬ ಮನೆಯಲ್ಲೇ ಇರುವುದು ಲೇಸು ಎಂದುಕೊಳ್ಳುತ್ತದೆ. ಗಾಡಿಯಲ್ಲಿ ಮಲಗುವವರೆಲ್ಲ ಜಿಪುಣರಲ್ಲ. ಅಡುಗೆ ಮಾಡಿಕೊಂಡು ತಿನ್ನುವುದು ಅಪರಾಧವಂತೂ ಅಲ್ಲ, ಅದರಲ್ಲೂ ಸಸ್ಯಾಹಾರಿ ಮಕ್ಕಳಿದ್ದವರಿಗೆ. ಹೋಟೆಲಿನಲ್ಲಿ ಇಳಿದವರು ಹೊಣೆಗೇಡಿಗಳಾಗಿರಲಿಕ್ಕೂ ಏನೂ ಅಡ್ಡಿಯಿಲ್ಲ. ದೊಡ್ಡ ಪ್ರವಾಸಿ ಹಡಗಿನಿಂದ ಸಾವಿರಗಟ್ಟಲೆ ಜನ ಒಂದೇ ಬೆಳಗ್ಗೆ ಸ್ಟೋರ್ನೊವೇಯಲ್ಲಿ ಇಳಿದು, ಸಂಜೆಗೆ ಹಡಗಿನಲ್ಲೇ ಊಟಕ್ಕೆ ಮರಳುತ್ತಾರಲ್ಲ, ಅವರ ಮುಂದೆ ವ್ಯಾನು ಎಷ್ಟೋ ವಾಸಿ. ಗಾಡಿ ನಿಧಾನ, ಎಲ್ಲಿ ಬೇಕಾದರೂ ನಿಂತು ಮಾತಾಡಿಸಬಹುದು. ಮಾತಾಡಿಸಬೇಕು, ಅಷ್ಟೆ.

ಯಾರ ಹಂಗೂ ಇಲ್ಲ ಎನ್ನುವುದು ಅಷ್ಟಕ್ಕೂ ಸುಳ್ಳೇ. ಬೆಟ್ಟದಲ್ಲಿ ಕಾಲು ಮುರಿದರೆ ಹುಡುಕಿಕೊಂಡು ಬರುವ ಮೌಂಟನ್ ರೆಸ್ಕ್ಯೂ ತಂಡದವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ಅಲೆಗೆ ಸಿಕ್ಕಿದರೆ ದೋಣಿ ಇಳಿಸುವವರೂ ಬಹುಪಾಲು ಅಂಥವರೇ. ಅಂಗಡಿಯಲ್ಲಿದ್ದವರು, ಹೊಲದಲ್ಲಿದ್ದವರು ಪೇಜರ್ ಸದ್ದಿಗೆ ಎದ್ದು ಓಡಿ ಬರುತ್ತಾರೆ. ನಾವು ಹಾಲು ಕೊಳ್ಳದೆ ದಾಟಿ ಬಂದ ಅಂಗಡಿಯವರೂ ಆ ದೋಣಿಯಲ್ಲಿ ಇದ್ದಾರು.

ಹಾಳೆ ಈಗ ಸಾಕಷ್ಟು ಬದಲಾಗಿದೆ. ಪೂರ್ತಿ ಸುತ್ತು ಹೋಗಿ ಪಶ್ಚಿಮದ ಅರ್ಧ ಉಳಿದಿದೆ. ಅಕ್ಕಿ ಬೇಳೆ ಮನೆಯಿಂದ, ಮಿಕ್ಕಿದ್ದೆಲ್ಲ ದಾರಿಯ ಊರಂಗಡಿಗಳಿಂದ. ಸಣ್ಣ ಊರಿನ ಅಂಗಡಿಗೆ ಹಿಂದಿನ ದಿನ ಫೋನ್ ಮಾಡಿ ಬ್ರೆಡ್ಡು ಎತ್ತಿಡಲು ಹೇಳಬೇಕೆಂದು ಅಳಿಯನೇ ಸೇರಿಸಿದ. ರಸ್ತೆ ಪಕ್ಕ ಪೆಟ್ಟಿಗೆಯಲ್ಲಿ ಮೊಟ್ಟೆ, ಕೇಕು ಇಟ್ಟು, ದುಡ್ಡು ನೀವೇ ಡಬ್ಬಿಗೆ ಹಾಕಿ ಎಂದು ನಂಬಿ ಹೋಗುವವರಿದ್ದಾರೆ, ಅದಕ್ಕೆ ಚಿಲ್ಲರೆ ಬೇರೆ. ರಾತ್ರಿಯ ಸಾಲುಗಳಲ್ಲಿ ಕ್ಯಾಂಪ್‌ಸೈಟುಗಳ ಹೆಸರುಗಳು ಬಂದಿವೆ. ನಕ್ಷತ್ರ ಅಳಿಸಿದ್ದಾನೆ, ಮನಸ್ಸಿಲ್ಲದ ಮನಸ್ಸಿನಿಂದ.

ತೀರ್ಮಾನವಾಗದೆ ಉಳಿದಿರುವುದು ದ್ವೀಪದ ಭಾಗ. ವ್ಯಾನನ್ನು ಈಚೆ ದಡದ ಬಂದರಾದ ಅಲ್ಲಾಪೂಲಿನ ಕ್ಯಾಂಪ್‌ಸೈಟಿನಲ್ಲಿ ಬಿಟ್ಟು, ಬರಿಗೈಯಲ್ಲಿ ಫೆರ್ರಿ ಹತ್ತಿ, ಸ್ಟೋರ್ನೊವೇಯಿಂದ ಬಸ್ಸಿನಲ್ಲಿ ಹ್ಯಾರಿಸ್‌ಗೆ ಹೋಗಿ, ಯಾರದಾದರೂ ಮನೆಯ ಬಾಡಿಗೆ ಕೋಣೆಯಲ್ಲಿ ಇಳಿಯೋಣವೆಂದು ನಾನು. ಮಳೆಯಲ್ಲಿ ಮಕ್ಕಳನ್ನು, ಚೀಲಗಳನ್ನು ಹೊತ್ತುಕೊಂಡು ಬಸ್ಸಿಗೆ ಕಾಯುವವರು ನೀವಲ್ಲವಲ್ಲ ಎಂದು ಅವನ ಹೆಂಡತಿ. ಅವಳ ಮಾತಿನಲ್ಲಿ ಸತ್ಯವಿದೆ. ಅಳಿಯನ ತಕರಾರು ಬೇರೆ: "ಬಾಡಿಗೆ ಕೊಟ್ಟಿರೋ ಗಾಡೀನ ದಡದಲ್ಲಿ ನಿಲ್ಲಿಸಿ, ಮತ್ತೆ ರೂಮಿಗೆ ಬೇರೆ ದುಡ್ಡು ಕೊಡೋದು ದುಂದಲ್ವಾ ಮಾವ?" ದುಂದೇ ಎಂದೆ. ರೂಮಿನ ದುಡ್ಡು ನನ್ನದು ಎಂದೂ ಹೇಳಿದ್ದೇನೆ. ಯೋಚನೆ ಮಾಡ್ತೀನಿ ಅಂದಿದ್ದಾನೆ.